ಏರುವ ಹುರುಪು, ಇಳಿಯುವ ಎಚ್ಚರ

ದಸರಾ ರಜೆ ಬಂತೆಂದರೆ ಚಿಕ್ಕಬಳ್ಳಾಪುರದ ಸುತ್ತಣ ಬೆಟ್ಟಗಳಿಗೆ ಹೊಸ ಕಳೆ ಬರುತ್ತದೆ. ಮುಂಗಾರು ಹಿಂದೆ ಸರಿದು, ಹಿಂಗಾರಿನ ಮಳೆ ಆಗೊಮ್ಮೆ ಈಗೊಮ್ಮೆ ಬಂದುಹೋಗುವ ದಿನಗಳವು. ಬುಡದ ಹೊಲಗಳಲ್ಲಿ ರಾಗಿ ತೆನೆ ಬಾಗಿರುತ್ತದೆ, ಬದುಗಳ ಮೇಲೆ ತಂಗಡಿ ಹಳದಿ ಹೂ ಬಿಟ್ಟಿರುತ್ತದೆ. ಈ ಬಿಡುವಿನಲ್ಲಿ ಹೈಸ್ಕೂಲು, ಕಾಲೇಜಿನ ಮಕ್ಕಳು ನಾಲ್ಕಾರು ಮಂದಿ ಸೇರಿ ‘ಬೆಟ್ಟಕ್ಕೆ ಹೋಗಿ ಬರ್ತೀವಿ’ ಎಂದು ಕೇಳುವುದು, ಮನೆಯಲ್ಲಿ ‘ಬೇಡ’ ಎನ್ನುವುದು ಎರಡೂ ವಾಡಿಕೆ. ಕೇಳುವವರಿಗೂ ಬೇಡವೆನ್ನುವವರಿಗೂ ಬೆಟ್ಟದ ಗುಣ ಸ್ವಲ್ಪ ಗೊತ್ತಿದ್ದರೆ ಈ ಜಗಳ ಅರ್ಧಕ್ಕರ್ಧ ಕಡಿಮೆಯಾದೀತು.

ನಂದಿ, ಬ್ರಹ್ಮಗಿರಿ, ದಿವ್ಯಗಿರಿ, ಚನ್ನಗಿರಿ, ಸ್ಕಂದಗಿರಿ. ಇವು ಈ ಸೀಮೆಯ ಪಂಚಗಿರಿಗಳು. ಸ್ಕಂದಗಿರಿಯನ್ನು ಹಳಬರು ಕಳವಾರದುರ್ಗವೆಂದೇ ಕರೆಯುತ್ತಾರೆ. ಆಷಾಢದಲ್ಲಿ ನಂದಿಗಿರಿ ಪ್ರದಕ್ಷಿಣೆಗೆ ಬರಿಗಾಲಿನಲ್ಲಿ ಹೊರಡುವ ಭಕ್ತರನ್ನು ಕಂಡವರಿಗೆ ಚಾರಣವೆಂಬುದು ಪೇಟೆಯವರು ಕಂಡುಹಿಡಿದ ಹೊಸ ಹವ್ಯಾಸವಲ್ಲವೆಂದು ಹೇಳಬೇಕಾಗಿಲ್ಲ.

ನಂದಿಯ ಎತ್ತರ 1,478 ಮೀಟರ್. ಬುಡದ ಊರುಗಳಿಗಿಂತ ಐನೂರು ಮೀಟರಿಗೂ ಹೆಚ್ಚು ಮೇಲಿರುವುದರಿಂದ ನೆತ್ತಿಯ ಮೇಲೆ ಸಾಮಾನ್ಯವಾಗಿ ಮೂರು, ನಾಲ್ಕು ಡಿಗ್ರಿ ತಂಪು ಹೆಚ್ಚು. 1927ರಲ್ಲಿ ಕಾಯಿಲೆ ಬಿದ್ದಿದ್ದ ಗಾಂಧೀಜಿ ವಿಶ್ರಾಂತಿಗೆ ಇಲ್ಲಿಗೆ ಬಂದರು. 1936ರಲ್ಲಿ ಮತ್ತೆ ಬಂದು ತಂಗಿದರು. ಕಾರಿನಲ್ಲಿ ಹತ್ತುವವರಿಗೆ ಈ ಬೆಟ್ಟದ ಕಾಲುಭಾಗವೂ ಕಾಣುವುದಿಲ್ಲ. ಸುಲ್ತಾನಪೇಟೆಯ ಕಡೆಯಿಂದ ಸಾವಿರಕ್ಕೂ ಮೀರಿದ ಹಳೆಯ ಮೆಟ್ಟಿಲುಗಳಿವೆ. ಹತ್ತುವಾಗ ಪೊದೆಗಳ ಕಡೆ ಕಿವಿಗೊಟ್ಟರೆ ಹಳದಿ ಕೊರಳಿನ ಪಿಕಳಾರದ ದನಿ ಕೇಳಿಸೀತು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ಕಾಣಸಿಗದ ಹಕ್ಕಿ ಅದು.

ಬಂಡೆಯ ಸ್ವಭಾವ

ಇಲ್ಲಿನ ಬೆಟ್ಟಗಳು ಗ್ರಾನೈಟ್ ಕಲ್ಲಿನವು. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಭಾರದಡಿ ಹುಟ್ಟಿದ ಕಲ್ಲು ಮೇಲಿನ ಮಣ್ಣು, ಕಲ್ಲು ಸವೆದು ಹೋದಂತೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಹಾಗಾಗಿಯೇ ಅವಕ್ಕೆ ಬೋರಲು ಹಾಕಿದ ಬೋಗುಣಿಯ ಆಕಾರ. ಅಪಾಯವಿರುವುದೂ ಈ ಆಕಾರದಲ್ಲೇ. ನೆತ್ತಿ ಹೆಚ್ಚುಕಡಿಮೆ ಸಮತಟ್ಟು. ಅಂಚಿಗೆ ಹೋದಂತೆಲ್ಲ ಇಳಿಜಾರು ಕಡಿದಾಗುತ್ತ ಹೋಗುತ್ತದೆ. ಮೇಲೆ ನಿಂತವನಿಗೆ ಹತ್ತು ಹೆಜ್ಜೆ ಮುಂದಿನದು ಕಾಣುತ್ತದೆ, ಇಪ್ಪತ್ತನೆಯದು ಕಾಣುವುದಿಲ್ಲ. ‘ಇನ್ನು ಸ್ವಲ್ಪ ಇಳಿದು ನೋಡೋಣ’ ಎಂದವನು ಹಿಂದಿರುಗಲಾಗದ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾನೆ. ಕಲ್ಲಿನ ಮೇಲಿನ ಪಾಚಿ ಬಿಸಿಲಿನಲ್ಲಿ ಕಪ್ಪು ಕಲೆಯಂತೆ ಕಂಡು, ನಾಲ್ಕು ಹನಿ ಬಿದ್ದೊಡನೆ ಸಾಬೂನಾಗುತ್ತದೆ.

2022ರ ಫೆಬ್ರುವರಿಯಲ್ಲಿ ಬ್ರಹ್ಮಗಿರಿಯಲ್ಲಿ ಒಬ್ಬನೇ ಚಾರಣ ಮಾಡುತ್ತಿದ್ದ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಕ್ಕೆ ಜಾರಿ ಬಿದ್ದ. ಪೊಲೀಸರು, ರಕ್ಷಣಾ ಪಡೆಯವರು ಬಂದರೂ ಅವನಿದ್ದ ಕಡೆಗೆ ತಲುಪುವುದು ದುಸ್ತರವಾಯಿತು. ಕೊನೆಗೆ ವಾಯುಸೇನೆಯ ಹೆಲಿಕಾಪ್ಟರ್ ಬಂದು ಅವನನ್ನು ಮೇಲೆತ್ತಿತು. ಎಲ್ಲರಿಗೂ ಅಂಥ ಅದೃಷ್ಟವಿರುವುದಿಲ್ಲ.

ಒಬ್ಬರೇ ಹೋಗಬಾರದೆಂಬ ಹಿರಿಯರ ಮಾತಿಗೆ ಇಲ್ಲಿ ಅರ್ಥವಿದೆ. ಮೂವರಿದ್ದರೆ ಒಬ್ಬನಿಗೆ ಕಾಲು ಉಳುಕಿದರೂ ಇನ್ನೊಬ್ಬ ಜೊತೆಗಿದ್ದು, ಮತ್ತೊಬ್ಬ ಊರಿಗೆ ಸುದ್ದಿ ಮುಟ್ಟಿಸಬಹುದು. ಸ್ಕಂದಗಿರಿಗೆ ಹಿಂದೆ ಬೆಳದಿಂಗಳ ರಾತ್ರಿ ಹಿಂಡು ಹಿಂಡಾಗಿ ಹತ್ತುತ್ತಿದ್ದರು. ಈಗ ರಾತ್ರಿ ಚಾರಣಕ್ಕೆ ಅವಕಾಶವಿಲ್ಲ. ಮುಂಗಡವಾಗಿ ಹೆಸರು ನೋಂದಾಯಿಸಿ, ಮಾರ್ಗದರ್ಶಿಯೊಡನೆ ಹೋಗಬೇಕು. ಇದನ್ನು ಕಿರುಕುಳವೆಂದು ಗೊಣಗುವವರುಂಟು. ಆದರೆ ಎಷ್ಟು ಮಂದಿ ಹತ್ತಿದರು, ಎಷ್ಟು ಮಂದಿ ಇಳಿದರು ಎಂಬ ಲೆಕ್ಕ ಯಾರ ಬಳಿಯಾದರೂ ಇರುವುದು ಒಳ್ಳೆಯದಲ್ಲವೆ? ಬಂಡೆಯ ಕೊರಕಲಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಬೆಂಕಿ, ಹೊಗೆ, ಕೂಗಾಟ ಕೂಡದು.

ಸೈಕಲ್ ಸವಾರರಿಗೆ

ಭಾನುವಾರ ಬೆಳಗಿನ ಜಾವ ನಂದಿಯ ರಸ್ತೆಯಲ್ಲಿ ಬೆಂಗಳೂರಿನ ಸೈಕಲ್ ಸವಾರರು ಸಾಲುಗಟ್ಟಿರುತ್ತಾರೆ. ರಾಜಧಾನಿಯಿಂದ ಅರವತ್ತು ಕಿಲೋಮೀಟರ್ ತುಳಿದು, ಕೊನೆಯ ಏಳೆಂಟು ಕಿಲೋಮೀಟರ್ ತಿರುವುಗಳನ್ನು ಏರುವುದು ಅವರಿಗೊಂದು ಪಂದ್ಯವೇ ಸರಿ. 2006–07ರಲ್ಲಿ ಆರಂಭವಾದ ಯೋಜನೆಯಡಿ ಎಂಟನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಪಡೆದ ಹಳ್ಳಿಯ ಮಕ್ಕಳಿಗೂ ಸೈಕಲ್ ತುಳಿಯುವ ಶಕ್ತಿಗೇನೂ ಕೊರತೆಯಿಲ್ಲ. ಕೊರತೆಯಿರುವುದು ಗೇರಿಗೆ. ಗುಡ್ಡಗಾಡಿನ ಸೈಕಲಿನಲ್ಲಿ ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡದು ಹಾಕಿಕೊಂಡರೆ ತುಳಿತ ಹಗುರಾಗುತ್ತದೆ, ವೇಗ ತಗ್ಗುತ್ತದೆ. ಏರು ಶುರುವಾಗುವ ಮೊದಲೇ ಗೇರು ಬದಲಿಸಬೇಕು; ಬಲಹಾಕಿ ತುಳಿಯುವಾಗ ಬದಲಿಸಿದರೆ ಚೈನು ಕಳಚುತ್ತದೆ.

ಇಳಿಯುವಾಗ ನಿಜವಾದ ಪರೀಕ್ಷೆ. ಮುಂದಿನ ಬ್ರೇಕ್ ಒಂದನ್ನೇ ಜೋರಾಗಿ ಹಿಡಿದರೆ ಸವಾರ ಹ್ಯಾಂಡಲ್ ದಾಟಿ ಬೀಳುತ್ತಾನೆ; ಹಿಂದಿನದನ್ನೇ ಹಿಡಿದರೆ ಗಾಲಿ ಜಾರುತ್ತದೆ. ಎರಡನ್ನೂ ಮೆಲ್ಲಗೆ ಹಿಡಿದು ಬಿಡುತ್ತ, ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಬೇಕು. ಮಳೆಗೆ ಕೊಚ್ಚಿಬಂದ ನೊರಜುಗಲ್ಲು ತಿರುವುಗಳಲ್ಲೇ ಸೇರಿಕೊಂಡಿರುತ್ತದೆ. 2021ರ ಆಗಸ್ಟಿನ ಮಳೆಗೆ ಇದೇ ರಸ್ತೆಯ ಮೇಲೆ ಗುಡ್ಡ ಕುಸಿದು ನಂದಿಯ ದಾರಿ ಕೆಲವು ತಿಂಗಳು ಮುಚ್ಚಿತ್ತು. ಹೆಲ್ಮೆಟ್ ಇಲ್ಲದೆ ಈ ಇಳಿಜಾರಿಗೆ ಮಕ್ಕಳನ್ನು ಬಿಡಲೇಬಾರದು.

ಹೊಸಬರಿಗೆ ನಂದಿಗಿಂತ ನೆರೆಯ ತಾಲ್ಲೂಕುಗಳೇ ಲೇಸು. ಶಿಡ್ಲಘಟ್ಟದ ಸುತ್ತ ಹಿಪ್ಪುನೇರಳೆ ತೋಟಗಳ ನಡುವಿನ ಮಣ್ಣುದಾರಿಗಳಲ್ಲಿ ಲಾರಿ, ಬಸ್ಸುಗಳ ಕಾಟವಿಲ್ಲ. ತಲಕಾಯಲಬೆಟ್ಟದ ಕಡೆಗೆ ಸಾಗಿದರೆ ಏರಿಳಿತವೂ ಸಿಗುತ್ತದೆ. ಚಿಂತಾಮಣಿಯಿಂದ ಕೈವಾರ, ಕೈಲಾಸಗಿರಿಯ ಗುಹಾಲಯ ನೋಡಿಕೊಂಡು, ನಾಲ್ಕು ಸಾವಿರ ಅಡಿ ಮೀರಿದ ಅಂಬಾಜಿದುರ್ಗವನ್ನು ಕಾಲ್ನಡಿಗೆಯಲ್ಲಿ ಹತ್ತಬಹುದು. ಈ ಎರಡೂ ಊರುಗಳಿಗೆ ಚಿಕ್ಕಬಳ್ಳಾಪುರ–ಕೋಲಾರ ಮಾರ್ಗದ ರೈಲಿದೆ. ಗೌರಿಬಿದನೂರಿನಿಂದ ವಿದುರಾಶ್ವತ್ಥದವರೆಗಿನ ದಾರಿ ಬಹುಮಟ್ಟಿಗೆ ಸಮತಟ್ಟು, ಮೊದಲ ಸವಾರಿಗೆ ಹೇಳಿ ಮಾಡಿಸಿದ್ದು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಜಾಗವದು.

ತಂದೆತಾಯಂದಿರು ‘ಬೇಡ’ ಎನ್ನುವ ಮುನ್ನ ಕೇಳಬೇಕಾದವು ಕೆಲವೇ: ಯಾವ ದಾರಿ, ಯಾರ ಜೊತೆ, ಎಷ್ಟು ನೀರು, ಎಷ್ಟು ಹೊತ್ತಿಗೆ ಕೆಳಗೆ? ಉತ್ತರ ಚೀಟಿಯಲ್ಲಿ ಬರೆದು ಮನೆಯಲ್ಲಿಟ್ಟು ಹೋಗಲಿ. ಕಾರ್ತಿಕದಲ್ಲಿ ಆರು ಗಂಟೆಗೆಲ್ಲ ಕತ್ತಲಾಗುತ್ತದೆ. ಮಧ್ಯಾಹ್ನ ಮೂರಕ್ಕೆ ನೆತ್ತಿ ಬಿಟ್ಟವರು ಬೆಳಕಿರುವಾಗಲೇ ಬುಡ ಸೇರಿ, ಹೋಟೆಲಿನಲ್ಲಿ ಕಾಫಿ ಕುಡಿದು ಬಸ್ಸು ಹಿಡಿಯಬಹುದು.