ಲಿಸಾ ಬ್ರೆನ್ನಾವರ್

ಲಿಸಾ ಬ್ರೆನ್ನಾವರ್ (ಜನನ: 8 ಜೂನ್ 1988) ಜರ್ಮನಿಯ ನಿವೃತ್ತ ಸೈಕ್ಲಿಂಗ್ ಪಟು. ರಸ್ತೆ ಮತ್ತು ಟ್ರ್ಯಾಕ್ ಎರಡೂ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಇವರು, 2020ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ (2021ರಲ್ಲಿ ನಡೆಯಿತು) ಮಹಿಳೆಯರ ತಂಡ ಪರ್ಸ್ಯೂಟ್ ಚಿನ್ನ ಗೆದ್ದ ತಂಡದ ಸದಸ್ಯೆ.

ರಸ್ತೆ ಸ್ಪರ್ಧೆಗಳು

ಬ್ರೆನ್ನಾವರ್ ಬವೇರಿಯಾದ ಕೆಂಪ್ಟನ್‌ನಲ್ಲಿ ಜನಿಸಿದರು. 2005ರಲ್ಲಿ ಜೂನಿಯರ್ ವಿಭಾಗದ ಟೈಮ್ ಟ್ರಯಲ್ ವಿಶ್ವ ಪ್ರಶಸ್ತಿ ಪಡೆದರು. ಟೈಮ್ ಟ್ರಯಲ್‌ನಲ್ಲಿ ಸ್ಪರ್ಧಿಗಳು ನಿಗದಿತ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ. ಮುಂದಿನವರ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳಲು ಅವಕಾಶವಿಲ್ಲ. ಈ ಒಂಟಿ ಓಟವೇ ಅವರ ಮುಖ್ಯ ಬಲವಾಗಿತ್ತು. 2014ರಲ್ಲಿ ಸ್ಪೇನ್‌ನ ಪೊನ್‌ಫೆರಾಡದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಒಂದೇ ವಾರದೊಳಗೆ ತಂಡ ಟೈಮ್ ಟ್ರಯಲ್ ಹಾಗೂ ವೈಯಕ್ತಿಕ ಟೈಮ್ ಟ್ರಯಲ್‌ಗಳಲ್ಲಿ ಚಿನ್ನ, ರಸ್ತೆ ಓಟದಲ್ಲಿ ಬೆಳ್ಳಿ ಗಳಿಸಿದರು. ಮರುವರ್ಷ ಬ್ರಿಟನ್ನಿನ ವಿಮೆನ್ಸ್ ಟೂರ್ ಅವರದಾಯಿತು.

ಟ್ರ್ಯಾಕ್ ಮತ್ತು ತಂಡ ಪರ್ಸ್ಯೂಟ್

ಟ್ರ್ಯಾಕ್‌ನಲ್ಲಿ ಟೈಮ್ ಟ್ರಯಲ್‌ಗೆ ಅತ್ಯಂತ ಸಮೀಪದ ಸ್ಪರ್ಧೆ ವೈಯಕ್ತಿಕ ಪರ್ಸ್ಯೂಟ್. ಬ್ರೆನ್ನಾವರ್ 2018ರಲ್ಲಿ ಇದರ ಯುರೋಪಿಯನ್ ಪ್ರಶಸ್ತಿ ಗೆದ್ದರು. 2019 ಮತ್ತು 2020ರ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಬೆಳ್ಳಿ ಪಡೆದರು. ಆದರೆ 2008ರ ಬೀಜಿಂಗ್ ಕ್ರೀಡಾಕೂಟದ ನಂತರ ಈ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಡಲಾಗಿತ್ತು. ಹೀಗಾಗಿ ಟ್ರ್ಯಾಕ್‌ನಲ್ಲಿ ಈ ಸಾಮರ್ಥ್ಯಕ್ಕೆ ಒಲಿಂಪಿಕ್ ಪದಕ ದೊರೆಯಬೇಕಾದರೆ ಇನ್ನೂ ಮೂವರ ಜೊತೆಗೂಡಿ ತಂಡ ಪರ್ಸ್ಯೂಟ್‌ನಲ್ಲಿ ಸ್ಪರ್ಧಿಸಬೇಕಾಗಿತ್ತು.

ತಂಡ ಪರ್ಸ್ಯೂಟ್‌ನಲ್ಲಿ ನಾಲ್ವರು ಒಬ್ಬರ ಹಿಂದೊಬ್ಬರು, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರದಲ್ಲಿ ಸಾಗುತ್ತಾರೆ. ಮುಂದಿರುವವರು ಗಾಳಿಯನ್ನು ಸೀಳುತ್ತ ಸ್ವಲ್ಪ ದೂರ ಎಳೆದು, ತಿರುವಿನ ಇಳಿಜಾರಿನಲ್ಲಿ ಮೇಲಕ್ಕೆ ಸರಿದು ಸಾಲಿನ ಕೊನೆಗೆ ಸೇರಿಕೊಳ್ಳುತ್ತಾರೆ. ಗುರಿ ಮುಟ್ಟಿದ ಮೂರನೆಯವರ ಸಮಯವೇ ತಂಡದ ಸಮಯ. ಆದ್ದರಿಂದ ಅತಿ ಬಲಶಾಲಿಯೊಬ್ಬರು ವೇಗ ಹೆಚ್ಚಿಸಿ ಉಳಿದವರನ್ನು ಹಿಂದೆ ಬಿಟ್ಟರೆ ತಂಡಕ್ಕೆ ನಷ್ಟವೇ. ಒಂಟಿಯಾಗಿ ಓಡಿ ಹೆಸರಾದವರಿಗೆ ಇದು ಸುಲಭದ ಪಾಠವಲ್ಲ.

ಟೋಕಿಯೊ ಕ್ರೀಡಾಕೂಟದ ಇಜು ವೆಲೊಡ್ರೋಮ್‌ನಲ್ಲಿ ಫ್ರಾನ್ಸಿಸ್ಕಾ ಬ್ರೌಸೆ, ಲಿಸಾ ಕ್ಲೈನ್ ಮತ್ತು ಮೀಕೆ ಕ್ರೋಗರ್ ಅವರೊಡನೆ ಬ್ರೆನ್ನಾವರ್ ಸ್ಪರ್ಧಿಸಿದರು. ರಿಯೊದಲ್ಲಿ ಬ್ರಿಟನ್ ಸ್ಥಾಪಿಸಿದ್ದ 4 ನಿಮಿಷ 10.236 ಸೆಕೆಂಡ್‌ಗಳ ವಿಶ್ವ ದಾಖಲೆ ಅರ್ಹತಾ ಸುತ್ತಿನಲ್ಲಿಯೇ ಮುರಿಯಿತು (4:07.307). ಮುಂದಿನ ಸುತ್ತಿನಲ್ಲಿ ಬ್ರಿಟನ್ ದಾಖಲೆಯನ್ನು ಮರಳಿ ಪಡೆಯಿತು; ಅದರ ಬೆನ್ನಿಗೇ ಟ್ರ್ಯಾಕ್‌ಗಿಳಿದ ಜರ್ಮನಿ ಅದನ್ನು ಕಸಿದುಕೊಂಡಿತು (4:06.166). 3 ಆಗಸ್ಟ್ 2021ರ ಫೈನಲ್‌ನಲ್ಲಿ ಜರ್ಮನಿಯ ಸಮಯ 4:04.242, ಬ್ರಿಟನ್ನಿನದು 4:10.607. ಆಲಮಟ್ಟಿ ಅಣೆಕಟ್ಟಿನ ಉದ್ದ ಸುಮಾರು 1,565 ಮೀಟರ್. ಅದರ ಎರಡೂವರೆ ಪಟ್ಟಿಗೂ ತುಸು ಹೆಚ್ಚಾದ 4,000 ಮೀಟರ್ ದೂರವನ್ನು, ನಿಂತಲ್ಲಿಂದ ಹೊರಟು, ಗಂಟೆಗೆ ಸುಮಾರು 59 ಕಿ.ಮೀ. ಸರಾಸರಿ ವೇಗದಲ್ಲಿ ಕ್ರಮಿಸಿದರೆ ಈ ಸಮಯ ಬರುತ್ತದೆ. ಸೈಕ್ಲಿಂಗ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಓದುಗರಿಗೆ ಈ ಹೋಲಿಕೆ ನಿಲುಕೀತು.

ಅದೇ ಕೂಟದ ರಸ್ತೆ ಓಟ ಮತ್ತು ಟೈಮ್ ಟ್ರಯಲ್ ಎರಡರಲ್ಲೂ ಅವರು 6ನೆಯ ಸ್ಥಾನ ಪಡೆದಿದ್ದರು.

ಕೊನೆಯ ವರ್ಷಗಳು

2021 ಅವರ ಅತ್ಯಂತ ಸಮೃದ್ಧ ವರ್ಷ. ಏಪ್ರಿಲ್‌ನಲ್ಲಿ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಎರಡನೆಯವರಾದರು. ಸೆಪ್ಟೆಂಬರ್‌ನಲ್ಲಿ ಮಿಶ್ರ ತಂಡ ರಿಲೇಯ ವಿಶ್ವ ಚಿನ್ನ ಗೆದ್ದರು. ಟೋನಿ ಮಾರ್ಟಿನ್ ಅವರ ವೃತ್ತಿಜೀವನದ ಕೊನೆಯ ಸ್ಪರ್ಧೆಯೂ ಅದೇ. ಅಕ್ಟೋಬರ್ 2ರಂದು ಮಳೆ, ಕೆಸರಿನ ನಡುವೆ ನಡೆದ ಮಹಿಳೆಯರ ಮೊದಲ ಪ್ಯಾರಿಸ್–ರೂಬೆಯಲ್ಲಿ ಅವರಿಗೆ ನಾಲ್ಕನೆಯ ಸ್ಥಾನ. ಅದೇ ತಿಂಗಳು ಅದೇ ರೂಬೆ ಪಟ್ಟಣದಲ್ಲಿ ನಡೆದ ಟ್ರ್ಯಾಕ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಂಡ ಪರ್ಸ್ಯೂಟ್ ಹಾಗೂ ಹಿಂದೆ ಎರಡು ಬಾರಿ ಬೆಳ್ಳಿಗೆ ನಿಂತಿದ್ದ ವೈಯಕ್ತಿಕ ಪರ್ಸ್ಯೂಟ್, ಎರಡರ ಪ್ರಶಸ್ತಿಯೂ ದೊರೆಯಿತು. ಬೆಳ್ಳಿ ಮತ್ತು ಕಂಚು ಟೋಕಿಯೊದ ಜೊತೆಗಾರ್ತಿಯರಾದ ಬ್ರೌಸೆ ಮತ್ತು ಕ್ರೋಗರ್ ಪಾಲಾದವು.

ಆಗಸ್ಟ್ 2022ರಲ್ಲಿ ಸ್ವಂತ ರಾಜ್ಯದ ರಾಜಧಾನಿ ಮ್ಯೂನಿಕ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್ ಅವರ ಕೊನೆಯ ಕೂಟ. ವಾಡಿಕೆಯ 250 ಮೀಟರಿಗಿಂತ ಚಿಕ್ಕದಾದ, ತಾತ್ಕಾಲಿಕವಾಗಿ ನಿರ್ಮಿಸಿದ್ದ 200 ಮೀಟರ್ ಟ್ರ್ಯಾಕ್‌ನಲ್ಲಿ ತಂಡ ಪರ್ಸ್ಯೂಟ್ ಚಿನ್ನ ಗೆದ್ದರು. ವೈಯಕ್ತಿಕ ಪರ್ಸ್ಯೂಟ್ ಫೈನಲ್‌ನಲ್ಲಿ ಕ್ರೋಗರ್ ಎದುರು ಸೋತು ಬೆಳ್ಳಿ ಪಡೆದರು. ಕೂಟದ ನಂತರ ತಮ್ಮ 34ನೆಯ ವಯಸ್ಸಿನಲ್ಲಿ ನಿವೃತ್ತರಾದರು.