ವಿಜ್ಞಾನ ಕಲಿಯಲು ವಯಸ್ಸಿನ ಮಿತಿಯುಂಟೆ?

ವಿದ್ಯಾರ್ಥಿ ಎಂದೊಡನೆ ನಮ್ಮ ಕಣ್ಣೆದುರಿಗೆ ಹದಿನೆಂಟು ಇಪ್ಪತ್ತರ ಪ್ರಾಯದವರ ಚಿತ್ರವೇ ಮೂಡುತ್ತದೆ. ಆದರೆ ಬಡತನದಿಂದಲೋ, ಬೇಸಾಯದ ಹೊಣೆಯಿಂದಲೋ, ಬೇಗನೆ ನಡೆದ ಮದುವೆಯಿಂದಲೋ ಓದನ್ನು ಅರ್ಧಕ್ಕೆ ಬಿಟ್ಟವರು ನಮ್ಮ ನಾಡಿನ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂತಹ ಊರುಗಳೂ ಇದಕ್ಕೆ ಹೊರತಲ್ಲ. ಅಂತಹವರಲ್ಲಿ ಒಬ್ಬರು ನಲವತ್ತನೆಯ ವಯಸ್ಸಿನಲ್ಲಿ ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಕಲಿಯಲು ಹೊರಟರೆ, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂದು ಜನರು ಕೇಳುತ್ತಾರೆ. ಈ ಪ್ರಶ್ನೆಗೆ ಸ್ವತಃ ವಿಜ್ಞಾನವೇ ಏನು ಉತ್ತರ ಕೊಡುತ್ತದೆಂಬುದನ್ನು ನೋಡೋಣ.

ಎರಡು ನಿದರ್ಶನಗಳು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಬಳಿ ಜಾರ್ಜ್ ಗ್ರೀನ್ ಎಂಬವನು ತಂದೆಯ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದನು. ಬಾಲ್ಯದಲ್ಲಿ ಅವನಿಗೆ ದೊರೆತ ಶಾಲಾಶಿಕ್ಷಣ ಅತ್ಯಲ್ಪ. ಗಾಳಿಯ ಬಲದಿಂದ ತಿರುಗುವ ಆ ಗಿರಣಿಯ ಕೆಲಸದ ಬಿಡುವಿನಲ್ಲಿ ಅವನು ತಾನೇ ಗಣಿತವನ್ನು ಅಭ್ಯಾಸ ಮಾಡಿ, 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವಗಳ ಗಣಿತವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಬಳಿಕ 1833ರಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಮಾನ್ಯ ವಿದ್ಯಾರ್ಥಿಯಾಗಿ ಸೇರಿದನು. ಸಹಪಾಠಿಗಳೆಲ್ಲರೂ ಅವನಿಗಿಂತ ಬಹಳ ಕಿರಿಯರು. ಆದರೂ ಗಣಿತದ ಅಂತಿಮ ಪರೀಕ್ಷೆಯಲ್ಲಿ ಅವನಿಗೆ ನಾಲ್ಕನೆಯ ಸ್ಥಾನ ಲಭಿಸಿತು. ಅವನು 1841ರಲ್ಲಿಯೇ ತೀರಿಕೊಂಡನು. ಆದರೆ ‘ಗ್ರೀನನ ಪ್ರಮೇಯ’ವನ್ನು ಇಂದಿಗೂ ಭೌತಶಾಸ್ತ್ರದ ವಿದ್ಯಾರ್ಥಿಗಳು ಕಲಿಯುತ್ತಿದ್ದಾರೆ.

ಎರಡನೆಯ ನಿದರ್ಶನ ನಮ್ಮ ನಾಡಿನದೇ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು 1942ರ ಚಳವಳಿಯಲ್ಲಿ ಭಾಗವಹಿಸಿ, ಓದನ್ನು ನಿಲ್ಲಿಸಿ ಸೆರೆಮನೆಗೆ ಹೋದರು. ಬಿಡುಗಡೆಯಾದ ಮೇಲೆ ಮತ್ತೆ ಓದಿ ಪದವಿ ಪಡೆದು, ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಹತ್ತು ವರ್ಷಗಳಷ್ಟು ಪಾಠ ಹೇಳಿದ ಅನಂತರ ಅವರು ಪುನಃ ವಿದ್ಯಾರ್ಥಿಯಾಗಿ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಪರಮಾಣು ಬೀಜದ ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದಾಗ ಅವರಿಗೆ ಸುಮಾರು ನಲವತ್ತು ವರ್ಷ. ಆ ವಿದ್ಯೆಯನ್ನು ಅವರು ಮತ್ತೆ ತಮ್ಮ ಕಾಲೇಜಿಗೇ ತಂದರು. 1962ರಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಮ್ ಅವರ ಶ್ರಮದ ಫಲವೇ.

ಮಿದುಳು ಏನು ಹೇಳುತ್ತದೆ?

ಇವರು ಅಸಾಧಾರಣರು, ಉಳಿದವರ ಮಾತೇನು ಎಂದು ಯಾರಾದರೂ ಕೇಳಬಹುದು. ವಯಸ್ಸಾದಂತೆ ಮಿದುಳಿನ ಕೆಲವು ಶಕ್ತಿಗಳು ಕುಗ್ಗುವುದು ನಿಜ. ಹೊಸ ಸಂಗತಿಯನ್ನು ಥಟ್ಟನೆ ಗ್ರಹಿಸುವ ವೇಗವು ಯೌವನ ಕಳೆದಂತೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಆದರೆ ಶಬ್ದಸಂಪತ್ತು, ಲೋಕಜ್ಞಾನ ಮತ್ತು ಅನುಭವದಿಂದ ಬಂದ ತಿಳಿವಳಿಕೆ ಇವು ನಡುವಯಸ್ಸಿನ ಆಚೆಗೂ ಬೆಳೆಯುತ್ತಲೇ ಇರುತ್ತವೆ. ಆದುದರಿಂದ ವಯಸ್ಕನು ನಿಧಾನವಾಗಿ ಕಲಿತರೂ, ಕಲಿತುದನ್ನು ನೆಲೆಗೊಳಿಸಲು ಅವನಲ್ಲಿ ಹೆಚ್ಚು ಆಧಾರಗಳಿರುತ್ತವೆ.

ಲಂಡನ್ ನಗರದಲ್ಲಿ ಟ್ಯಾಕ್ಸಿ ನಡೆಸಲು ಪರವಾನಗಿ ಬೇಕಾದವರು ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಇದಕ್ಕೆ ಮೂರು ನಾಲ್ಕು ವರ್ಷಗಳು ಹಿಡಿಯುತ್ತವೆ. ಅಂತಹ ಅಭ್ಯರ್ಥಿಗಳ ಮಿದುಳುಗಳನ್ನು ವಿಜ್ಞಾನಿಗಳು ತರಬೇತಿಯ ಮೊದಲೂ ಅನಂತರವೂ ಪರೀಕ್ಷಿಸಿ, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಉತ್ತೀರ್ಣರಾದ 39 ಮಂದಿಯಲ್ಲಿ, ಸ್ಮರಣೆಗೆ ಸಂಬಂಧಿಸಿದ ‘ಹಿಪೊಕ್ಯಾಂಪಸ್’ ಎಂಬ ಭಾಗದ ಹಿಂಬದಿಯ ಬೂದುದ್ರವ್ಯವು ಹೆಚ್ಚಿದ್ದಿತು. ಇವರೆಲ್ಲರೂ ವಯಸ್ಕರೇ. ಅಂದರೆ ಬೆಳೆದ ಮಿದುಳೂ ಕಲಿಕೆಯಿಂದ ಮಾರ್ಪಡುತ್ತದೆ. ಮರವೂ ತಕ್ಕಮಟ್ಟಿಗೆ ಬಗ್ಗುತ್ತದೆ!

ಓದಿಗೆ ಮರಳುವವರನ್ನು ಬಹುವಾಗಿ ಹೆದರಿಸುವುದು ಮರೆತುಹೋದ ಬೀಜಗಣಿತ. ಇಲ್ಲಿಯೂ ಒಂದು ಸಮಾಧಾನವಿದೆ. 1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ, ಒಮ್ಮೆ ಕಲಿತು ಮರೆತುದನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಮೆ ಕಾಲ ಸಾಕೆಂದು ತೋರಿಸಿದನು. ನೆನಪಿಗೆ ಬಾರದಿದ್ದರೂ ಹಳೆಯ ಕಲಿಕೆಯ ಗುರುತು ಪೂರ್ತಿ ಅಳಿದಿರುವುದಿಲ್ಲ. ಒಂದೇ ರಾತ್ರಿಯಲ್ಲಿ ಓದಿ ಮುಗಿಸುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಓದಿದ್ದು ಚೆನ್ನಾಗಿ ಉಳಿಯುತ್ತದೆಂಬುದನ್ನೂ ಅವನು ಕಂಡುಕೊಂಡನು. ಈ ನಿಯಮ ಕಿರಿಯರಿಗೂ ಅನ್ವಯಿಸುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಗದ್ದೆಯಿಂದ ಪ್ರಯೋಗಶಾಲೆಗೆ

ಅನುಭವವು ಹೇಗೆ ಸಹಾಯ ಮಾಡುತ್ತದೆ? ತ್ಯಾವಣಿಗೆಯ ಕಡೆ ಭದ್ರಾ ನಾಲೆಯ ನೀರಿನಿಂದ ಬತ್ತ ಬೆಳೆಯುತ್ತಾರೆ. ಯೂರಿಯಾ ಎರಚಿದ ಮೇಲೆ ಗದ್ದೆ ಒಣಗಿ, ಮತ್ತೆ ನೀರು ನಿಂತು, ಮತ್ತೆ ಒಣಗುತ್ತಿದ್ದರೆ ಹಾಕಿದ ಗೊಬ್ಬರದ ಹೆಚ್ಚು ಭಾಗ ಪೈರಿಗೆ ದಕ್ಕುವುದಿಲ್ಲ. ಇದಕ್ಕೆ ಕಾರಣವೇನು? ಯೂರಿಯಾ ಮಣ್ಣಿನಲ್ಲಿ ಅಮೋನಿಯಂ ಆಗುತ್ತದೆ. ಮಣ್ಣು ಒಣಗಿ ಗಾಳಿಯಾಡಿದಾಗ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಪುನಃ ನೀರು ನಿಂತು ಆಮ್ಲಜನಕ ಕಡಮೆಯಾದಾಗ ಬೇರೆ ಸೂಕ್ಷ್ಮಜೀವಿಗಳು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾಡಿ ಗಾಳಿಗೆ ಬಿಟ್ಟುಬಿಡುತ್ತವೆ. ರೈತನ ಹಣ ಹೀಗೆ ಆಕಾಶಕ್ಕೆ ಹಾರಿಹೋಗುತ್ತದೆ. ಈ ಪಾಠವನ್ನು ಕೇಳುವ ಹದಿನೆಂಟರ ವಿದ್ಯಾರ್ಥಿಗೆ ಇದು ಕೇವಲ ಒಂದು ಸಮೀಕರಣ. ಇಪ್ಪತ್ತು ಬೆಳೆ ತೆಗೆದವನಿಗೆ ಅದು ಬಹುಕಾಲದ ಒಂದು ಒಗಟಿಗೆ ಉತ್ತರ. ಹಸಿ ಅಡಕೆಯನ್ನು ಚೊಗರಿನಲ್ಲಿ ಬೇಯಿಸಿ ಬಲ್ಲವರಿಗೆ ‘ಟ್ಯಾನಿನ್’ ಎಂಬ ಪದವೂ ಅಪರಿಚಿತವಾಗಿ ಉಳಿಯುವುದಿಲ್ಲ.

ಆದರೆ ಅನುಭವವೇ ವಿಜ್ಞಾನವಲ್ಲ. ಅನುಭವವು ‘ಹೀಗಾಗುತ್ತದೆ’ ಎನ್ನುತ್ತದೆ. ಎಷ್ಟು, ಏಕೆ, ಯಾವಾಗ ಆಗುವುದಿಲ್ಲ ಎಂಬುದನ್ನು ಅಳೆದು ನೋಡಬೇಕು. ಇದಕ್ಕೆ ಗಣಿತವೂ ಪ್ರಯೋಗಶಾಲೆಯೂ ಬೇಕು. ಕತೆ ಕಾವ್ಯಗಳನ್ನು ಮನೆಯಲ್ಲಿ ಕುಳಿತು ಓದಬಹುದು. ದ್ರಾವಣಗಳನ್ನು ಬೆರೆಸಿ ನೋಡದೆ ರಸಾಯನಶಾಸ್ತ್ರವನ್ನು ಪೂರ್ಣವಾಗಿ ಕಲಿಯಲಾಗದು. ಸಂಸಾರ, ದುಡಿಮೆ ಇರುವವರಿಗೆ ನಿಜವಾದ ತೊಡಕು ಇರುವುದು ತಲೆಯಲ್ಲಲ್ಲ, ಇಲ್ಲಿಯೇ.

ತೆರೆದಿರುವ ದಾರಿಗಳು

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು 1971ರಲ್ಲಿ ಪಾಠಗಳನ್ನು ಆರಂಭಿಸಿದಾಗ, ವಿಜ್ಞಾನದ ವಿದ್ಯಾರ್ಥಿಗಳ ಮನೆಗೇ ಪ್ರಯೋಗದ ಪೆಟ್ಟಿಗೆಗಳನ್ನು ಕಳುಹಿಸಿ ಈ ತೊಡಕನ್ನು ಬಿಡಿಸಲು ಯತ್ನಿಸಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಶಿಕ್ಷಣ ನೀಡತೊಡಗಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎಸ್‌ಸಿ. ಓದುವವರು ಪ್ರಯೋಗಗಳಿಗಾಗಿ ನಿಗದಿತ ಕೇಂದ್ರಗಳಿಗೆ ಹೋಗಬೇಕಾಗುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದದವರು, ಗರಿಷ್ಠ ವಯೋಮಿತಿಯಿಲ್ಲದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಮೊದಲು ಆ ಮೆಟ್ಟಿಲನ್ನು ಹತ್ತಬಹುದು. ದಾರಿ ದೀರ್ಘವಾದುದೇ, ಆದರೆ ಮುಚ್ಚಿಲ್ಲ.

ಈ ಲೇಖನವನ್ನು ಓದುತ್ತಿರುವವರಲ್ಲಿ ಬಹುಮಂದಿ ಕಿರಿಯರು. ನಾಳೆ ನಿಮ್ಮ ತರಗತಿಯಲ್ಲಿ ತಲೆ ನರೆತವರೊಬ್ಬರು ಬಂದು ಕುಳಿತರೆ ನಗಬೇಡಿರಿ. ನಿಮ್ಮ ಚುರುಕನ್ನು ಅವರಿಗೆ ಕೊಟ್ಟು ಅವರ ಅನುಭವವನ್ನು ನೀವು ಪಡೆಯಿರಿ. ನಿಮ್ಮ ಮನೆಯಲ್ಲಿಯೇ ಓದನ್ನು ಬಿಟ್ಟ ತಾಯಿಯೋ ಚಿಕ್ಕಪ್ಪನೋ ಇದ್ದರೆ, ನಿಮ್ಮ ಪುಸ್ತಕವನ್ನು ಅವರ ಮುಂದೆಯೂ ಒಮ್ಮೆ ತೆರೆದಿಡಿರಿ. ಪ್ರಕೃತಿಯು ತನ್ನ ನಿಯಮಗಳನ್ನು ತಿಳಿಸುವಾಗ ಯಾರ ಜನನ ಪತ್ರಿಕೆಯನ್ನೂ ಕೇಳುವುದಿಲ್ಲ.