ಗೊಂಡರ ನುಡಿಯೂ ಒಂದು ದೂರವಾಣಿಯೂ

ದ್ರಾವಿಡ ಭಾಷಾವಿಜ್ಞಾನವನ್ನು ಓದಿದ ಕನ್ನಡ ವಿದ್ಯಾರ್ಥಿಗಳಿಗೆ ಗೊಂಡಿ ಎಂಬ ಹೆಸರು ಅಪರಿಚಿತವಲ್ಲ. ತೆಲುಗು, ಕುಯಿ, ಕೊಂಡ, ಗೊಂಡಿ ಎಂದು ಒಂದು ಪಟ್ಟಿಯಲ್ಲಿ ಅದು ಬಂದು ಹೋಗುತ್ತದೆ; ಪರೀಕ್ಷೆಯ ಮಟ್ಟಿಗೆ ಅಷ್ಟು ಸಾಕು. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತೆಂದು ತರಗತಿಯಲ್ಲಿ ವಿವರಿಸುವಾಗ, ಗೊಂಡರು ಇಂದಿಗೂ ‘ಪಾಲ್’ ಎಂದೇ ಅನ್ನುತ್ತಾರೆ ಎಂಬ ಒಂದು ಮಾತನ್ನು ಸೇರಿಸಿದರೆ ಹಿಂದಿನ ಬೆಂಚುಗಳೂ ಒಂದಿಷ್ಟು ಎಚ್ಚರಗೊಳ್ಳುವುದನ್ನು ಕಂಡಿದ್ದೇನೆ. ಕಣ್ಣಿಗೆ ಅವರು ‘ಕನ್’ ಎನ್ನುತ್ತಾರೆ, ಕೈಗೆ ‘ಕೈ’ ಎಂದೇ ಹೇಳುತ್ತಾರೆ. ಎರಡಕ್ಕೆ ‘ರಂಡ್’, ಮೂರಕ್ಕೆ ‘ಮುಂಡ್’, ನಾಲ್ಕಕ್ಕೆ ‘ನಾಲುಂಗ್’. ವಿಂಧ್ಯದ ತಪ್ಪಲಿನಿಂದ ಗೋದಾವರಿಯವರೆಗಿನ ಕಾಡುಗಳಲ್ಲಿ ನಮ್ಮ ದಾಯಾದಿ ನುಡಿಯೊಂದು ಹೀಗೆ ಬದುಕಿದೆಯೆಂಬುದು ಕೇಳುವವರಿಗೆ ಹಿತವಾದ ಸುದ್ದಿಯೇ. ಆದರೆ ಅದು ಹೇಗೆ ಬದುಕಿದೆಯೆಂದು ಮುಂದೆ ವಿಚಾರಿಸುವವರು ವಿರಳ.

2011ರ ಜನಗಣತಿಯಲ್ಲಿ ಗೊಂಡಿಯನ್ನು ತಾಯ್ನುಡಿಯೆಂದು ಬರೆಸಿದವರು 29 ಲಕ್ಷ 84 ಸಾವಿರ ಮಂದಿ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಈ ನುಡಿಗೆ ಸ್ಥಾನವಿಲ್ಲ. ಅದರ ಅರ್ಧದಷ್ಟು ಜನ ಆಡುವ ಬೋಡೊ ಭಾಷೆಗೆ 2003ರ ತಿದ್ದುಪಡಿಯಿಂದ ಸ್ಥಾನ ದೊರೆತಿದೆ. ಬೋಡೊಗೆ ದೊರೆತದ್ದು ಅನ್ಯಾಯವೆಂದು ಇದರ ಅರ್ಥವಲ್ಲ. ಗೊಂಡರು ಮಧ್ಯಪ್ರದೇಶ, ಛತ್ತೀಸಗಢ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ಒಡಿಶಾಗಳಲ್ಲಿ ಹಂಚಿಹೋಗಿದ್ದಾರೆ. ಎಲ್ಲಿಯೂ ರಾಜ್ಯದ ಭಾಷೆ ಅವರದಲ್ಲ. ಹೀಗಾಗಿ ಆರು ವರ್ಷದ ಗೊಂಡ ಬಾಲಕ ಶಾಲೆಗೆ ಬಂದಾಗ ಬಸ್ತರಿನಲ್ಲಿ ಹಿಂದಿಯನ್ನೂ, ಗಡಚಿರೋಲಿಯಲ್ಲಿ ಮರಾಠಿಯನ್ನೂ, ಆದಿಲಾಬಾದಿನಲ್ಲಿ ತೆಲುಗನ್ನೂ ಎದುರಿಸುತ್ತಾನೆ. ಅಕ್ಷರ ಕಲಿಯಲು ಬಂದವನು ಅದಕ್ಕೆ ಮೊದಲು ಒಂದು ಪರಭಾಷೆಯನ್ನು ಕಲಿಯಬೇಕು. ಅದನ್ನು ಕಲಿಸುವವರು ಯಾರೂ ಇಲ್ಲ, ಅದು ಬರುತ್ತದೆಂದು ಭಾವಿಸಿಯೇ ಪಾಠ ಆರಂಭವಾಗುತ್ತದೆ. ಬಾಲಕ ಸುಮ್ಮನೆ ಕುಳಿತಿರುತ್ತಾನೆ. ಮಂದಬುದ್ಧಿಯವನೆಂಬ ಹೆಸರು ಅವನಿಗೆ ಸುಲಭವಾಗಿ ಬರುತ್ತದೆ.

ಈ ಮೌನವನ್ನು ಒಬ್ಬ ಪತ್ರಿಕೋದ್ಯೋಗಿ ತನ್ನ ಕೆಲಸವನ್ನಾಗಿ ಮಾಡಿಕೊಂಡ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವರ ಹೆಸರು ಶುಭ್ರಾಂಶು ಚೌಧರಿ. ಛತ್ತೀಸಗಢದಲ್ಲಿ ಬೆಳೆದವರು, ಬಿ.ಬಿ.ಸಿ. ಸಂಸ್ಥೆಯಲ್ಲಿ ದಕ್ಷಿಣ ಏಷ್ಯದ ವರದಿಗಾರಿಕೆಯಲ್ಲಿ ನುರಿತವರು. ಸ್ವಂತ ಪ್ರಾಂತದ ಕಾಡುಗಳಲ್ಲಿ ಮಾವೋವಾದಿಗಳಿಗೂ ಸರ್ಕಾರಕ್ಕೂ ನಡೆದ ಕದನವನ್ನು ವರದಿಮಾಡಲು ಹೋದಾಗ, ಎರಡು ಬಂದೂಕುಗಳ ನಡುವೆ ಸಿಲುಕಿದ ಜನರ ಮಾತು ಯಾವ ಪತ್ರಿಕೆಗೂ ಬರುತ್ತಿಲ್ಲವೆಂಬುದು ಅವರಿಗೆ ಕಂಡಿತು. ಪತ್ರಿಕೆಯವರಿಗೆ ಗೊಂಡಿ ಬಾರದು, ಗೊಂಡರಿಗೆ ಪತ್ರಿಕೆಯ ಭಾಷೆ ಬಾರದು. ಆ ಅನುಭವದಿಂದ 2012ರಲ್ಲಿ ‘ಲೆಟ್ಸ್ ಕಾಲ್ ಹಿಮ್ ವಾಸು’ ಎಂಬ ಅವರ ಪುಸ್ತಕ ಹೊರಬಂದಿತು. ಅವರ ರಾಜಕೀಯ ವಿಚಾರಗಳನ್ನು ಒಪ್ಪದವರು ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ನಮಗೆ ಪ್ರಸ್ತುತವಾದದ್ದು ಪುಸ್ತಕಕ್ಕೆ ಎರಡು ವರ್ಷ ಮೊದಲೇ ಅವರು ಹೂಡಿದ ಉಪಾಯ.

ಆಕಾಶವಾಣಿಯನ್ನು ಬಿಟ್ಟು ಬೇರೆಯವರು ಬಾನುಲಿಯಲ್ಲಿ ತಮ್ಮದೇ ಸುದ್ದಿಯನ್ನು ಬಿತ್ತರಿಸುವಂತಿಲ್ಲ. ಸಮುದಾಯ ಬಾನುಲಿಗಳಿಗೆ 2006ರಲ್ಲಿ ಬಾಗಿಲು ತೆರೆದಾಗಲೂ ಈ ನಿರ್ಬಂಧ ಸಡಿಲಲಿಲ್ಲ. ಪತ್ರಿಕೆ ಹೊರಡಿಸಿದರೆ ಓದುವವರಿಲ್ಲ. ಉಳಿದದ್ದು ಒಂದೇ: ಆ ವೇಳೆಗೆ ಕಾಡಿನ ಹಳ್ಳಿಗಳಿಗೂ ಒಂದೊಂದಾಗಿ ಬರುತ್ತಿದ್ದ ಅಗ್ಗದ ಮೊಬೈಲು. 2010ರ ಫೆಬ್ರವರಿಯಲ್ಲಿ ‘ಸಿಜಿನೆಟ್ ಸ್ವರ’ ಎಂಬ ವ್ಯವಸ್ಥೆ ಆರಂಭವಾಯಿತು. ಒಂದು ಸಂಖ್ಯೆಗೆ ಕರೆಮಾಡುವುದು. ಸುದ್ದಿ ಹೇಳಬೇಕಾದರೆ ಒಂದನ್ನು ಒತ್ತುವುದು, ಕೇಳಬೇಕಾದರೆ ಎರಡನ್ನು ಒತ್ತುವುದು. ಮುಂದೆ ಕರೆಮಾಡಿ ಕತ್ತರಿಸಿದರೆ ಯಂತ್ರವೇ ತಿರುಗಿ ಕರೆಯುವ ಏರ್ಪಾಡಾಗಿ, ಹಳ್ಳಿಯವನ ಕಾಸು ಉಳಿಯಿತು. ಬಂದ ಮಾತನ್ನು ಸಂಪಾದಕರು ಕೇಳಿ, ಬೇಕಾದಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡು, ಎಲ್ಲರೂ ಕೇಳುವಂತೆ ಬಿಡುಗಡೆಮಾಡುತ್ತಿದ್ದರು. ಹಿಂದಿ, ಛತ್ತೀಸಗಢಿ, ಗೊಂಡಿ, ಕುಡುಖ್: ಯಾವ ನುಡಿಯಾದರೂ ಆಗಬಹುದಾಗಿತ್ತು.

ಬಸ್ತರಿನ ಜನ ಹೀಗೆ ಒತ್ತುತ್ತಿದ್ದ ಸಂಖ್ಯೆ 080 ಎಂದು ಮೊದಲಾಗುತ್ತಿತ್ತು. ಅದು ನಮ್ಮ ಬೆಂಗಳೂರಿನ ಸಂಕೇತ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ವಿಜ್ಞಾನಿಗಳು ಈ ಕಾರ್ಯದಲ್ಲಿ ಕೈಜೋಡಿಸಿದ್ದರು. ಗೊಂಡನೊಬ್ಬ ತನ್ನ ಹಳ್ಳಿಯ ಕೆಟ್ಟ ಕೈಪಂಪಿನ ಸುದ್ದಿಯನ್ನು ಬೆಂಗಳೂರಿನ ಸಂಖ್ಯೆಗೆ ಕರೆಮಾಡಿ ತನ್ನ ಜಿಲ್ಲಾಧಿಕಾರಿಗೆ ಮುಟ್ಟಿಸುತ್ತಿದ್ದನೆಂದರೆ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದರೆಂಬ ಗಾದೆ ನೆನಪಾಗದೆ ಇರದು. ಆದರೆ ಇಲ್ಲಿ ಸುತ್ತಿನ ದಾರಿಯೇ ಬೇಗ ಮುಟ್ಟಿಸಿತು. ಮೊದಲ ಇಪ್ಪತ್ತು ತಿಂಗಳುಗಳಲ್ಲಿ 70,000ಕ್ಕೂ ಹೆಚ್ಚು ಕರೆಗಳು ಬಂದುವು. ಪರಿಶೀಲನೆಯಾಗಿ ಹೊರಬಂದ ಸಂದೇಶಗಳು ಸುಮಾರು 1,100. ಹೇಳಿದವರಿಗಿಂತ ಕೇಳಿದವರೇ ಬಹಳ ಎಂಬುದು ಈ ಎರಡು ಅಂಕೆಗಳಿಂದ ತಿಳಿಯುತ್ತದೆ. ಕೂಲಿ ಬಂದಿಲ್ಲ, ಮೇಷ್ಟರು ಶಾಲೆಗೆ ಬರುತ್ತಿಲ್ಲ, ಮಧ್ಯಾಹ್ನದ ಊಟ ನಿಂತಿದೆ ಎಂಬಂಥ ಮಾತುಗಳ ಕೊನೆಗೆ ಸಂಬಂಧಪಟ್ಟ ಅಧಿಕಾರಿಯ ಸಂಖ್ಯೆಯನ್ನೂ ಹೇಳುವ ಪದ್ಧತಿ ಬೆಳೆಯಿತು. ದೂರದ ನಗರದ ಕೇಳುಗರು ಆ ಅಧಿಕಾರಿಗೆ ಕರೆಮಾಡಿ ವಿಚಾರಿಸತೊಡಗಿದರು. ಕೆಲಸವಾದ ಬಳಿಕ ಅದೇ ಹಳ್ಳಿಗ ಮತ್ತೆ ಕರೆಮಾಡಿ, ಆಯಿತು ಎಂದು ದಾಖಲಿಸುತ್ತಿದ್ದ. ಸುದ್ದಿಗಳ ನಡುವೆ ಹಾಡುಗಳೂ ಬರುತ್ತಿದ್ದುವು. 2014ರಲ್ಲಿ ‘ಇಂಡೆಕ್ಸ್ ಆನ್ ಸೆನ್ಸಾರ್‌ಶಿಪ್’ ಸಂಸ್ಥೆ ಚೌಧರಿಯವರಿಗೆ ತನ್ನ ಪ್ರಶಸ್ತಿಯನ್ನಿತ್ತಿತು.

ಇದು ಪತ್ರಿಕೋದ್ಯಮವಾಯಿತು, ಶಿಕ್ಷಣವೆಲ್ಲಿ ಬಂತು ಎಂದು ಅಧ್ಯಾಪಕ ಮಿತ್ರರು ಕೇಳಬಹುದು. ತನ್ನ ಮಾತು ಇನ್ನೊಬ್ಬನಿಗೆ ಕೇಳಿಸಲು ಯೋಗ್ಯವೆಂದು ತಿಳಿದುಕೊಳ್ಳುವುದು ಶಿಕ್ಷಣದ ಮೊದಲ ಪಾಠವೆಂದು ನನ್ನ ಅಭಿಪ್ರಾಯ. ಇದು ಭಾವುಕತೆಯೆನಿಸಿದರೆ ನೇರವಾದ ಉದಾಹರಣೆಯೊಂದಿದೆ. ಗೆಳೆಯರ ಅದೇ ಬಳಗ ಬಳಿಕ ದೂರವಾಣಿಯ ಮೂಲಕ ಪಾಠ ಹೇಳುವ ‘ಲರ್ನ್ ಟು ಅರ್ನ್’ ಎಂಬ ಪ್ರಯೋಗವನ್ನು ನಡೆಸಿತು. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನವರಿಗೆ ಏನನ್ನು ಕೊಡುತ್ತದೆಂಬುದನ್ನು ಧ್ವನಿಯಲ್ಲಿ ಕೇಳಿಸಿ, ಪ್ರಶ್ನೆಗಳನ್ನು ಕೇಳಿ, ಸರಿಯಾದ ಉತ್ತರ ಹೇಳಿದವರ ಮೊಬೈಲಿಗೆ ಒಂದಿಷ್ಟು ಹಣ ತುಂಬಿಸುವುದು. ಇನ್ನೊಬ್ಬನನ್ನು ಕರೆತಂದರೆ ಮತ್ತಷ್ಟು. 17 ಕೇಳುಗರಿಂದ ಮೊದಲಾದ ಪಾಠ ಏಳು ವಾರಗಳೊಳಗೆ ಬಾಯಿಂದ ಬಾಯಿಗೆ ಹರಡಿ 17,000ಕ್ಕೂ ಹೆಚ್ಚು ಜನರನ್ನು ಮುಟ್ಟಿತು. ಹಣದ ಆಸೆಗೆ ಕಲಿತದ್ದು ಕಲಿಕೆಯೇ ಎಂಬ ಆಕ್ಷೇಪಣೆ ನನ್ನ ಮನಸ್ಸಿನಲ್ಲಿಯೂ ಏಳುತ್ತದೆ. ಅಂಕಗಳ ಆಸೆಗೆ ಕಲಿಸುವ ನಾವು ಅದನ್ನು ಬಹಳ ಗಟ್ಟಿಯಾಗಿ ಕೇಳುವುದು ಉಚಿತವಲ್ಲ.

ಅಂತರಜಾಲ ತಲಪದ ಹಳ್ಳಿಗಳಿಗೆ ಇವರು ಇನ್ನೊಂದು ದಾರಿಯನ್ನು ಹುಡುಕಿದರು. ಹಳ್ಳಿಗರು ತಮ್ಮ ನುಡಿಯಲ್ಲಿ ಹೇಳಿದ ಸುದ್ದಿ, ಹಾಡುಗಳನ್ನು ಒಂದು ಕಾರ್ಯಕ್ರಮವಾಗಿ ಜೋಡಿಸಿ, ಸಂಪರ್ಕವಿರುವ ಊರೊಂದರಲ್ಲಿ ಇಳಿಸಿಕೊಂಡು, ಅಲ್ಲಿಂದ ಮೊಬೈಲಿನಿಂದ ಮೊಬೈಲಿಗೆ ಬ್ಲೂಟೂತ್ ಮೂಲಕ ದಾಟಿಸುವುದು. ಇದಕ್ಕೆ ಇಟ್ಟ ಹೆಸರು ‘ಬುಲ್ಟೂ ರೇಡಿಯೋ’. ಬ್ಲೂಟೂತ್ ಎಂಬ ಪದ ಹಳ್ಳಿಯ ನಾಲಗೆಯಲ್ಲಿ ‘ಬುಲ್ಟೂ’ ಆಗಿತ್ತು. ಅದನ್ನು ತಿದ್ದದೆ ಹಾಗೆಯೇ ಹೆಸರಾಗಿಟ್ಟವರ ರಸಿಕತೆಯನ್ನು ಭಾಷಾಶಾಸ್ತ್ರದ ವಿದ್ಯಾರ್ಥಿ ಮೆಚ್ಚದೆ ಇರಲಾರ. ತದ್ಭವಗಳು ಹುಟ್ಟುವುದು ಹೀಗೆಯೇ ಅಲ್ಲವೆ?

ಇಷ್ಟಾದ ಮೇಲೆ ತೊಡಕು ಭಾಷೆಯೊಳಗಿನಿಂದಲೇ ಬಂತು. ಪಾಠಪುಸ್ತಕ ಬರೆಯಬೇಕು, ವಾರ್ತೆ ಓದಬೇಕು ಎಂದರೆ ಯಾವ ಗೊಂಡಿಯಲ್ಲಿ? ಆದಿಲಾಬಾದಿನ ಗೊಂಡಿಯಲ್ಲಿ ತೆಲುಗು ಬೆರೆತಿದೆ, ಗಡಚಿರೋಲಿಯದರಲ್ಲಿ ಮರಾಠಿ, ಮಂಡ್ಲಾದ ಕಡೆಯದರಲ್ಲಿ ಹಿಂದಿ. ಲಿಪಿಯ ಮಾತೂ ಹಾಗೆಯೇ. ಬಾಲಾಘಾಟದ ಮುನ್ಷಿ ಮಂಗಲ್ ಸಿಂಗ್ ಮಸರಾಮ್ ಎಂಬವರು 1918ರಲ್ಲಿ ಒಂದು ಲಿಪಿಯನ್ನು ರಚಿಸಿದರು. ಆದಿಲಾಬಾದ್ ಸೀಮೆಯ ಗುಂಜಾಲ ಗ್ರಾಮದಲ್ಲಿ ಹಳೆಯ ಹಸ್ತಪ್ರತಿಗಳೊಡನೆ ಬೇರೆಯೇ ಒಂದು ಲಿಪಿ ದೊರೆಯಿತು. 2017ರಲ್ಲಿ ಮೊದಲನೆಯದೂ 2018ರಲ್ಲಿ ಎರಡನೆಯದೂ ಯೂನಿಕೋಡಿಗೆ ಸೇರಿದುವು. ಹಾಗಿದ್ದರೂ ಬರೆಯಬಲ್ಲ ಗೊಂಡರಲ್ಲಿ ಬಹುಮಂದಿ ತಾವು ಶಾಲೆಯಲ್ಲಿ ಕಲಿತ ದೇವನಾಗರಿಯಲ್ಲೋ ತೆಲುಗಿನಲ್ಲೋ ಬರೆಯುತ್ತಾರೆ.

ಎಲ್ಲ ಪ್ರಾಂತಗಳ ಗೊಂಡರನ್ನು ಒಂದೆಡೆ ಕೂಡಿಸಿ ಒಂದು ಸಮಾನ ಶಬ್ದಕೋಶವನ್ನು ಸಿದ್ಧಪಡಿಸುವ ಕಾರ್ಯ 2014ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಹಲವು ಕಮ್ಮಟಗಳು ನಡೆದು, 2018ರಲ್ಲಿ ಆ ಶಬ್ದಕೋಶ ಹೊರಬಂದುದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ. ಅಲ್ಲಿಯ ಬುಡಕಟ್ಟು ಅಧ್ಯಯನ ವಿಭಾಗದ ಪ್ರೊ. ಕೆ. ಎಂ. ಮೇತ್ರಿಯವರು ಇದಕ್ಕಾಗಿ ಶ್ರಮಿಸಿದರು. ಕನ್ನಡಕ್ಕೆಂದು ಸ್ಥಾಪಿತವಾದ ವಿಶ್ವವಿದ್ಯಾಲಯವೊಂದು ತುಂಗಭದ್ರೆಯ ತೀರದಲ್ಲಿ ಗೊಂಡಿಯ ಶಬ್ದಗಳಿಗೆ ಮನೆಗೊಟ್ಟಿತು. ನಮ್ಮ ನುಡಿಗೆ ಕಿಟ್ಟೆಲರ ನಿಘಂಟು 1894ರಲ್ಲಿ ದೊರೆತಾಗ ಹೊರಗಿನವರೊಬ್ಬರು ಮಾಡಿದ ಉಪಕಾರವನ್ನು ಕನ್ನಡಿಗರು ಮರೆತಿಲ್ಲ; ಆ ಋಣದ ಒಂದು ಕಂತು ಬೇರೆ ದಿಕ್ಕಿನಲ್ಲಿ ಸಂದಾಯವಾಯಿತೆನ್ನಬೇಕು. ಆದರೂ ಒಂದು ಅಳುಕು ಇದ್ದೇ ಇದೆ. ಏಕರೂಪಕ್ಕೆ ತರುವಾಗ ಬಸ್ತರಿನ ಪದ ಗೆದ್ದು ಆದಿಲಾಬಾದಿನ ಪದ ಸೋತರೆ, ಸೋತವರಿಗೆ ಆ ಪುಸ್ತಕ ಮತ್ತೊಂದು ಪರಭಾಷೆಯೇ. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡಗಳು ಒಂದೇ ಪಾಠಪುಸ್ತಕದಲ್ಲಿ ಕೂಡಿದಾಗ ಇಂಥ ಮುನಿಸು ನಮ್ಮಲ್ಲಿಯೂ ಇತ್ತು, ಪೂರಾ ಹೋಗಿದೆಯೆಂದು ಈಗಲೂ ಹೇಳಲಾರೆ. ಒಂದು ಅರ್ಥಕ್ಕೆ ನಾಲ್ಕು ಪ್ರಾಂತದ ಪದಗಳನ್ನು ಒಟ್ಟಿಗೆ ಇರಗೊಡುವ ಕೋಶವೇ ಮಕ್ಕಳಿಗೆ ಮೇಲೆಂದು ನನಗೆ ತೋರುತ್ತದೆ.

ಶಬ್ದಕೋಶದ ಬೆನ್ನಿಗೆ ಮಕ್ಕಳ ಕಥೆಗಳು ಬಂದುವು. ಇಲ್ಲಿಯೂ ಬೆಂಗಳೂರಿನ ನಂಟಿದೆ. ಅಲ್ಲಿಯ ‘ಪ್ರಥಮ್ ಬುಕ್ಸ್’ ಸಂಸ್ಥೆ 2015ರಿಂದ ‘ಸ್ಟೋರಿ ವೀವರ್’ ಎಂಬ ಉಚಿತ ಗ್ರಂಥಭಂಡಾರವನ್ನು ನಡೆಸುತ್ತಿದೆ. ಅದರ ಕಥೆಗಳನ್ನು ಯಾರೂ ತಮ್ಮ ನುಡಿಗೆ ತಂದುಕೊಳ್ಳಬಹುದು. ಗೊಂಡರೇ ಒಟ್ಟಾಗಿ ಕುಳಿತು ಅವುಗಳಲ್ಲಿ ನೂರಾರನ್ನು ಗೊಂಡಿಗೆ ತಂದರು. ಓದುಬಾರದ ಹಿರಿಯರೂ ಕೇಳುವಂತೆ, ಬರಹವನ್ನು ಓದಿಹೇಳುವ ‘ಆದಿವಾಸಿ ರೇಡಿಯೋ’ ಎಂಬ ಮೊಬೈಲ್ ತಂತ್ರಾಂಶವೂ ಸಿದ್ಧವಾಯಿತು. ಪಾಠಪುಸ್ತಕವಲ್ಲದ, ನಗಲಿಕ್ಕೆಂದೇ ಇರುವ ಒಂದು ಪುಸ್ತಕ ತಾಯ್ನುಡಿಯಲ್ಲಿ ದೊರೆಯುವುದು ಮಗುವಿಗೆ ಎಷ್ಟು ದೊಡ್ಡ ಸಂಗತಿಯೆಂಬುದು, ಹುಟ್ಟಿನಿಂದ ಅಂಥ ಪುಸ್ತಕಗಳ ನಡುವೆ ಬೆಳೆದ ನಮಗೆ ಊಹಿಸುವುದೂ ಕಷ್ಟ.

ಶಾಲೆಯ ಬಾಗಿಲಿಗೆ ಬಂದಾಗ ಮಾತ್ರ ಹಾದಿ ಕಿರಿದಾಗುತ್ತದೆ. 2019ರಲ್ಲಿ ಗಡಚಿರೋಲಿ ಜಿಲ್ಲೆಯ ಮೋಹಗಾಂವ್ ಎಂಬ ಹಳ್ಳಿಯ ಗ್ರಾಮಸಭೆ ತನ್ನ ಮಕ್ಕಳಿಗಾಗಿ ಗೊಂಡಿ ಮಾಧ್ಯಮದ ಶಾಲೆಯೊಂದನ್ನು ತಾನೇ ತೆರೆಯಿತು. 2022ರಲ್ಲಿ ಶಿಕ್ಷಣ ಇಲಾಖೆ ಅದನ್ನು ಮಾನ್ಯತೆಯಿಲ್ಲದ ಶಾಲೆಯೆಂದು ಕರೆದು ನೋಟೀಸು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಬೋಧನೆಯ ಅನುಕೂಲ ಒದಗಿಸಬೇಕೆಂದು ಹೇಳುವ ಸಂವಿಧಾನದ 350ಎ ವಿಧಿ, ಕನ್ನಡನಾಡು ಒಂದಾದ 1956ರ ತಿದ್ದುಪಡಿಯಲ್ಲಿಯೇ ಬಂದದ್ದು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದ ಕಥೆಯನ್ನು ಬಲ್ಲವರಿಗೆ ಮೋಹಗಾಂವಿನ ಸಂಕಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚೆನ್ನಬಸಪ್ಪನವರು ಇಲಾಖೆಯ ಒಳಗೇ ಇದ್ದರು; ಗೊಂಡರಿಗೆ ಆ ಅನುಕೂಲವಿಲ್ಲ. ಛತ್ತೀಸಗಢದ ಸರ್ಕಾರ 2020ರ ಗಣರಾಜ್ಯ ದಿನದಂದು ಗೊಂಡಿಯೇ ಮೊದಲಾದ ಸ್ಥಳೀಯ ನುಡಿಗಳಲ್ಲಿ ಪ್ರಾಥಮಿಕ ಬೋಧನೆ ನಡೆಸುವುದಾಗಿ ಘೋಷಿಸಿತು. ಘೋಷಣೆ ತರಗತಿಯನ್ನು ಮುಟ್ಟಲು ಗೊಂಡಿ ಬಲ್ಲ ಶಿಕ್ಷಕರು ಬೇಕು. ಅವರನ್ನು ಯಾವ ದೂರವಾಣಿಯೂ ತಯಾರಿಸಿ ಕೊಡಲಾರದು.

ಇತ್ತ ಯಂತ್ರಗಳ ಕೆಲಸ ನಿಲ್ಲಲಿಲ್ಲ. ಭಾಷಾಂತರ ಮಾಡುವ ಯಂತ್ರಕ್ಕೆ ಎರಡು ನುಡಿಗಳ ಸಮಾನ ವಾಕ್ಯಗಳನ್ನು ರಾಶಿರಾಶಿಯಾಗಿ ಉಣಿಸಬೇಕು. ಹಿಂದಿಗೆ ಅಂಥವು ಕೋಟಿಗಟ್ಟಲೆ ಇವೆ. ಗೊಂಡಿಗೆ ನಾಲ್ಕು ಬಗೆಯ ಪ್ರಯತ್ನಗಳಿಂದ ಕೂಡಿಹಾಕಿದ ಪದಗಳೂ ವಾಕ್ಯಗಳೂ ಸೇರಿ 12,000ಕ್ಕೆ ಸ್ವಲ್ಪ ಕಡಮೆ ಎಂದು ಈ ಬಳಗದ 2020ರ ಪ್ರಬಂಧ ತಿಳಿಸುತ್ತದೆ. ಅದರ ಜೊತೆಗೆ, ಮುಂದೆಯೂ ಭಾಷಾಂತರಕ್ಕೆ ನೆರವಾಗಬಲ್ಲ 650ಕ್ಕೂ ಹೆಚ್ಚು ಮಂದಿ ಗೊಂಡಿ ಭಾಷಿಕರನ್ನು ಗುರುತಿಸಿದುದಾಗಿಯೂ ಅದರಲ್ಲಿದೆ. ನನಗೆ 12,000ಕ್ಕಿಂತ ಈ 650 ಹೆಚ್ಚು ಬೆಲೆಯುಳ್ಳ ಅಂಕೆಯಾಗಿ ಕಂಡಿತು.

2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ‘ಆದಿ ವಾಣಿ’ ಎಂಬ ಭಾಷಾಂತರ ಯಂತ್ರದ ಪ್ರಾಯೋಗಿಕ ರೂಪವನ್ನು ಹೊರತಂದಿತು, ದೆಹಲಿಯ ಐ.ಐ.ಟಿ.ಯ ಮುಂದಾಳುತನದಲ್ಲಿ ಅದು ಸಿದ್ಧವಾದದ್ದು. ಮೊದಲ ಕಂತಿನಲ್ಲಿ ಅದು ಕೈಗೆತ್ತಿಕೊಂಡ ನುಡಿಗಳು ನಾಲ್ಕು: ಸಂತಾಲಿ, ಭೀಲಿ, ಮುಂಡಾರಿ, ಗೊಂಡಿ. ಇವುಗಳಲ್ಲಿ ಎಂಟನೆಯ ಅನುಸೂಚಿಯಲ್ಲಿರುವುದು ಸಂತಾಲಿಯೊಂದೇ.